ಕೆಮ್ಮುವ ದೆವ್ವ

ನಮಸ್ಕಾರ ಎಲ್ಲರಿಗೂ. ಇವತ್ತು ಬೇಟೆಗಾರರ ಭಯದ ಬಗ್ಗೆ ಮಾತಾಡಬೇಕು ಅಂತಿದ್ದೀನಿ. ರಾತ್ರಿ ಕಾಡಲ್ಲಿ ಬಂದೂಕು ಹಿಡಿದು ಕೂತವನಿಗೆ ಆಗುವ ಭಯ.

ನಾನು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನವನು. ನಾಗರಗಾಳಿ ಕಡೆ, ಕಾಡಿನ ಅಂಚಿಗೇ ನಮ್ಮ ಊರು. ನಮ್ಮ ಅಜ್ಜ ಬೇಟೆ ಆಡುತ್ತಿದ್ದರು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಮುಚ್ಚಿಡುವುದೂ ಇಲ್ಲ. ಆ ಕಾಲಕ್ಕೆ ಕಾಡಂಚಿನ ಎಷ್ಟೋ ಮನೆಗಳಲ್ಲಿ ಬಂದೂಕು ಇರುತ್ತಿತ್ತು. ಭತ್ತ ಹಾಲುಗಟ್ಟುವ ಹೊತ್ತಿಗೆ ಗದ್ದೆಗೆ ಹಂದಿ ನುಗ್ಗುತ್ತಿತ್ತು. ರಾತ್ರಿಯಿಡೀ ಅಟ್ಟಣಿಗೆ ಮೇಲೆ ಕೂತು ಕಾಯಬೇಕಿತ್ತು.

ಚಿಕ್ಕವರಿದ್ದಾಗ ನಾವು ರಾತ್ರಿ ಊಟ ಮುಗಿಸಿ ಅಜ್ಜನ ಸುತ್ತ ಕೂಡುತ್ತಿದ್ದೆವು. ಕಥೆಗಳೆಲ್ಲ ದೆವ್ವದವೇ. ಹಳ್ಳದಾಚೆ ಓಡಾಡುವ ಕೊಳ್ಳಿದೆವ್ವ. ಮರಕ್ಕೆ ಮೊಳೆ ಹೊಡೆಯುವ ದೆವ್ವ. ಊರೇ ಇಲ್ಲದ ಕಡೆ ಬೊಗಳುವ ನಾಯಿ. ಎಲ್ಲಕ್ಕಿಂತ ನಮಗೆ ಇಷ್ಟ ಅಂದರೆ ಕೆಮ್ಮುವ ದೆವ್ವ. ಸ್ವಲ್ಪ ದೊಡ್ಡವರಾದ ಮೇಲೆ ನಗಲು ಶುರು ಮಾಡಿದೆವು. ಆಗ ಅಜ್ಜ ಒಂದೇ ಮಾತು ಹೇಳುತ್ತಿದ್ದರು: "ನಗಬ್ಯಾಡ್ರಿ. ಒಂದ್ ರಾತ್ರಿ ಒಬ್ಬೊಬ್ಬರ ಹೋಗಿ ಕುಂದರ್ರಿ ಅಲ್ಲಿ. ಗೊತ್ತಾಗತೈತಿ."

ನಾನು ಕೂತಿದ್ದೇನೆ. ಬಂದೂಕು ಇಲ್ಲದೆ, ಬರೀ ಗದ್ದೆ ಕಾಯುವುದಕ್ಕೆ. ಅಲ್ಲಿ ಏನಾಗುತ್ತೆ ಅಂತ ಹೇಳ್ತೀನಿ ಕೇಳಿ.

ಕತ್ತಲಾದ ಮೇಲೆ ಮೊದಲ ಅರ್ಧ ತಾಸು ಏನೂ ಕಾಣುವುದಿಲ್ಲ. ಕಣ್ಣು ಕತ್ತಲಿಗೆ ಒಗ್ಗಿಕೊಳ್ಳಲು ಅಷ್ಟು ಹೊತ್ತು ಬೇಕು. ಆಮೇಲೆ ನಿಧಾನಕ್ಕೆ ಬದು, ಪೊದೆ, ಮರದ ಬೊಡ್ಡೆ ತೋರುತ್ತವೆ. ಆದರೆ ಇನ್ನೊಂದು ತೊಂದರೆ ಇದೆ. ಬದುವಿನ ಮೇಲೆ ಏನೋ ನಿಂತ ಹಾಗೆ ಕಾಣುತ್ತೆ. ನೆಟ್ಟಗೆ ಅದನ್ನೇ ನೋಡಿದರೆ ಮಾಯ. ಪಕ್ಕಕ್ಕೆ ತಿರುಗಿದರೆ ಮತ್ತೆ ಅಲ್ಲೇ ನಿಂತಿರುತ್ತೆ. ಮೈಯೆಲ್ಲ ಜುಮ್ಮೆನ್ನುತ್ತೆ. ನಮ್ಮ ಕಣ್ಣು ಇರುವುದೇ ಹಾಗೆ. ಮಂದ ಬೆಳಕನ್ನು ಹಿಡಿಯುವ ಕೋಶಗಳು ಕಣ್ಣಿನ ಪರದೆಯ ನಟ್ಟನಡುವೆ ಇಲ್ಲ, ಸುತ್ತಲೂ ಇವೆ. ಅದಕ್ಕೇ ಕತ್ತಲಲ್ಲಿ ಓರೆಯಾಗಿ ನೋಡಿದರೇ ಚೆನ್ನಾಗಿ ಕಾಣುತ್ತೆ. ಇದೆಲ್ಲ ನನಗೆ ಈಗ ಗೊತ್ತು. ಅವತ್ತು ಅಟ್ಟಣಿಗೆ ಮೇಲೆ ಗೊತ್ತಿದ್ದರೂ ಏನು ಪ್ರಯೋಜನ ಆಗುತ್ತಿತ್ತೋ.

ಕೊಳ್ಳಿದೆವ್ವವೂ ಸುಮಾರು ಹಾಗೇ. ಸುತ್ತ ಕಗ್ಗತ್ತಲು, ದೂರದಲ್ಲಿ ಒಂದೇ ಒಂದು ಸಣ್ಣ ಬೆಳಕು. ಅದನ್ನೇ ದಿಟ್ಟಿಸುತ್ತಾ ಕೂತರೆ, ಅದು ನಿಂತಲ್ಲೇ ನಿಂತಿದ್ದರೂ ಅಲ್ಲಾಡಿದ ಹಾಗೆ, ನಡೆದ ಹಾಗೆ ಕಾಣುತ್ತೆ. ಯಾರದೋ ಗುಡಿಸಲಿನ ಲಾಟೀನು ಹೀಗೆ ಹಳ್ಳ ದಾಟಿ ಬರಬಹುದು.

ಮೊಳೆ ಹೊಡೆಯುವ ದೆವ್ವ ಒಂದು ಹಕ್ಕಿ. ನತ್ತಿಂಗ ಅಂತಾರೆ. ಹಗಲೆಲ್ಲ ತರಗೆಲೆ ಮೇಲೆ ತರಗೆಲೆಯ ಹಾಗೇ ಬಿದ್ದಿರುತ್ತೆ, ಕಾಲ ಬುಡದಲ್ಲಿದ್ದರೂ ಗೊತ್ತಾಗುವುದಿಲ್ಲ. ರಾತ್ರಿಯಾದರೆ ಚುಕ್ ಚುಕ್ ಚುಕ್ ಅಂತ ಒಂದೇ ಸಮನೆ ಕೂಗುತ್ತೆ. ಯಾರೋ ಸುತ್ತಿಗೆ ಹಿಡಿದು ಹಲಗೆಗೆ ಮೊಳೆ ಹೊಡೆದ ಹಾಗೆ. ನಡುಕಾಡಲ್ಲಿ, ನಡುರಾತ್ರಿಯಲ್ಲಿ! ಬೊಗಳುವ ನಾಯಿ ಅಂದರೆ ಕಾಡುಕುರಿ, ಒಂದು ಜಾತಿಯ ಸಣ್ಣ ಜಿಂಕೆ. ಅದು ಹೆದರಿದಾಗ ಥೇಟ್ ನಾಯಿಯ ಹಾಗೇ ಬೊಗಳುತ್ತೆ, ಬಿಟ್ಟು ಬಿಟ್ಟು ಎಷ್ಟೋ ಹೊತ್ತು. ಅಲ್ಲಿ ದೆವ್ವ ಇಲ್ಲ ಅಂತ ಸಮಾಧಾನ ಮಾಡಿಕೊಳ್ಳುವ ಹಾಗೂ ಇಲ್ಲ. ಅದು ಬೊಗಳಿದರೆ ಚಿರತೆಯೋ ಹುಲಿಯೋ ಹತ್ತಿರದಲ್ಲೇ ನಡೆಯುತ್ತಿರಬಹುದು. ಮಳೆಗಾಲದಲ್ಲಿ ಕೊಳೆತ ಕೊಂಬೆ ಮೇಲೆ ಬೆಳೆಯುವ ಒಂದು ಜಾತಿಯ ಅಣಬೆ ತಣ್ಣಗೆ ಹಸಿರಾಗಿ ಹೊಳೆಯುತ್ತೆ. ಸಹ್ಯಾದ್ರಿಯ ಒದ್ದೆ ಕಾಡುಗಳಲ್ಲಿ ಇದು ಇದೆ. ಮೊದಲ ಸಲ ನೋಡಿದವನು ದೇವರನ್ನು ನೆನೆಯದೇ ಇರಲಾರ.

ಹಾಗಾದರೆ ಎಲ್ಲದಕ್ಕೂ ಉತ್ತರ ಸಿಕ್ಕಿತು, ಕಥೆ ಮುಗೀತು ಅಂತೀರಾ? ನನ್ನ ಜಗಳ ಇರುವುದೇ ಇಲ್ಲಿ. ಈ ಕಥೆಗಳನ್ನು ಈಗ ಇಬ್ಬರು ಹಾಳು ಮಾಡುತ್ತಿದ್ದಾರೆ. ಹಿಂದೆ ಕಿರುಚಾಟದ ಮ್ಯೂಸಿಕ್ ಹಾಕಿ ಹಾರರ್ ವಿಡಿಯೋ ಮಾಡುವವರು ಒಂದು ಕಡೆ. "ಅಯ್ಯೋ ಅದೆಲ್ಲ ಮೂಢನಂಬಿಕೆ, ಅದು ಹಕ್ಕಿ ರೀ" ಅಂತ ಒಂದೇ ಮಾತಲ್ಲಿ ತಳ್ಳಿಹಾಕುವವರು ಇನ್ನೊಂದು ಕಡೆ. ಇಬ್ಬರೂ ಕಥೆ ಹೇಳುವವನ ಮುಖ ನೋಡುವುದಿಲ್ಲ. ಆ ಭಯ ಅವನ ಕೈಯನ್ನು ಎಲ್ಲಿ ತಡೆದಿತ್ತು ಅಂತ ಕೇಳುವುದಿಲ್ಲ.

ಬಾಗಲಕೋಟೆ ಕಡೆಯ ಗೆಳೆಯರ ಹತ್ತಿರ ಬೇಟೆ ಕಥೆ ಕೇಳಿದರೆ ಅದರಲ್ಲಿ ದೆವ್ವ ಕಡಿಮೆ. ಅದು ಬಯಲು. ಮುಧೋಳ ನಾಯಿ ಓಡುವುದು ಕಣ್ಣಿನ ಬಲದ ಮೇಲೆ. ಹಗಲಲ್ಲಿ ಮೊಲ ಎದ್ದಿತು, ನಾಯಿ ಕಂಡಿತು, ಅಟ್ಟಿಸಿಕೊಂಡು ಹೋಯಿತು. ನಾಯಿಗೂ ಮನುಷ್ಯನಿಗೂ ಮುಂದಿರುವುದು ಏನು ಅಂತ ಗೊತ್ತಿರುತ್ತೆ. ನಮ್ಮ ಕಡೆ ರಾತ್ರಿ, ದಟ್ಟ ಕಾಡು. ಮುಂದಿರುವುದು ಏನು ಅಂತಲೇ ಗೊತ್ತಾಗುವುದಿಲ್ಲ.

ಈಗ ಕಣ್ಣಿನ ವಿಷಯಕ್ಕೆ ಬರ್ತೀನಿ. ರಾತ್ರಿ ಬ್ಯಾಟರಿ ಬಿಟ್ಟರೆ ಪ್ರಾಣಿಗಳ ಕಣ್ಣು ಹೊಳೆಯುವುದನ್ನು ನೀವೂ ನೋಡಿರುತ್ತೀರಿ. ಜಿಂಕೆ, ಚಿರತೆ, ನರಿ, ನಮ್ಮ ಕೊಟ್ಟಿಗೆಯ ಎಮ್ಮೆ, ಎಲ್ಲವೂ. ಅವುಗಳ ಕಣ್ಣಿನ ಒಳಗೆ, ಹಿಂಭಾಗದಲ್ಲಿ ಕನ್ನಡಿಯಂಥ ಒಂದು ಪದರ ಇದೆ. ಬೆಳಕು ಅದಕ್ಕೆ ಬಡಿದು ವಾಪಸ್ ಬರುತ್ತೆ. ಹಂದಿಗೆ ಆ ಪದರ ಇಲ್ಲ. ಮನುಷ್ಯನಿಗೂ ಇಲ್ಲ.

ಹಂದಿ ಕಾಯುವವನಿಗೆ ಇದರ ಅರ್ಥ ಏನು ಯೋಚನೆ ಮಾಡಿ. ಬ್ಯಾಟರಿ ಬಿಟ್ಟಾಗ ಕಣ್ಣು ಹೊಳೆದರೆ ಅದು ಬೇರೆ ಯಾವುದೋ ಪ್ರಾಣಿ. ಹೊಳೆಯದಿದ್ದರೆ ಹಂದಿ ಇರಬೇಕು. ಅಥವಾ...

ಅಜ್ಜ ಹಾಸಿಗೆ ಹಿಡಿದ ವರ್ಷ ಒಂದು ದಿನ ನಾನೇ ಕೇಳಿದೆ, "ಅಜ್ಜಾ, ಕೆಮ್ಮೋ ದೆವ್ವದ ಕಥಿ ಹೇಳು" ಅಂತ. ಸುಮ್ನೆ ಅವರ ಮನಸ್ಸಿಗೆ ಖುಷಿಯಾಗಲಿ ಅಂತ ಕೇಳಿದ್ದು. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು.

ಅವತ್ತು ರಾತ್ರಿ ಅಟ್ಟಣಿಗೆ ಮೇಲೆ ಒಬ್ಬರೇ ಇದ್ದರು. ಬಂದೂಕಿನ ನಳಿಗೆಗೆ ಬ್ಯಾಟರಿ ಕಟ್ಟಿದ್ದರು. ಬದುವಿನ ಕಡೆ ಭತ್ತ ಸರಕ್ ಸರಕ್ ಅಂತ ಅಲ್ಲಾಡಿತು. ನಿಲ್ಲುತ್ತಿತ್ತು, ಮತ್ತೆ ಸರಕ್. ಬೆಳಕು ಹಾಕಿದ ತಕ್ಷಣ ಹೊಡೆಯಬೇಕು, ತಡ ಮಾಡಿದರೆ ಹಂದಿ ಹೋಯಿತು ಅಂತಲೇ ಲೆಕ್ಕ. ಹಾಕಿದರು. ಕಪ್ಪಗೆ ಗುಪ್ಪೆಯ ಹಾಗೆ ಒಂದು ಬೆನ್ನು. ಕಣ್ಣು ಇಲ್ಲ. ಬೆರಳು ಒತ್ತಬೇಕು, ಅಷ್ಟರಲ್ಲಿ ಅದು ಕೆಮ್ಮಿತು.

ಕರಿ ಕಂಬಳಿ ಕೊಪ್ಪೆ ಹಾಕಿಕೊಂಡ ಮನುಷ್ಯ. ಪಕ್ಕದ ಗದ್ದೆಯವ. ರಾತ್ರಿ ಕದ್ದು ಬಂದು ನಮ್ಮ ಗದ್ದೆಯ ನೀರನ್ನು ತನ್ನ ಕಡೆ ತಿರುಗಿಸಿಕೊಳ್ಳುತ್ತಿದ್ದ. ಬಗ್ಗಿ ಕೈಯಿಂದ ಮಣ್ಣು ಸರಿಸುತ್ತಿದ್ದ. ತಲೆ ಎತ್ತಿ ಬೆಳಕಿನ ಕಡೆ ನೋಡಿದ. "ಅವನ ಕಣ್ಣ ಹೊಳೀಲಿಲ್ಲೋ ತಮ್ಮಾ" ಅಂದರು ಅಜ್ಜ. ಬೆಳಕು ಆರಿಸಿದರಂತೆ. ಇಬ್ಬರೂ ಮಾತಾಡಲಿಲ್ಲ. ಆತ ಕತ್ತಲಲ್ಲೇ ಹೋದ. ಮರುದಿನ ಹಳ್ಳದ ಹತ್ತಿರ ಎದುರಾದಾಗ ಆತ "ಮಳಿ ಬರೂ ಹಂಗ ಕಾಣತೈತಿ" ಅಂದನಂತೆ. ಅಜ್ಜ ಹೂಂ ಅಂದರಂತೆ. ಸಾಯುವವರೆಗೂ ಇಬ್ಬರೂ ಆ ಮಾತು ಎತ್ತಲಿಲ್ಲ.

ಅದು ಮನೆಗೆ ಬರುವಾಗ ದೆವ್ವ ಆಗಿತ್ತು. ಒಬ್ಬ ನೀರು ಕದಿಯುತ್ತಿದ್ದ, ಇನ್ನೊಬ್ಬ ಮನುಷ್ಯನನ್ನು ಕೊಲ್ಲುವುದರಲ್ಲಿದ್ದ. ಹೆಂಡತಿ ಮಕ್ಕಳಿಗೆ ಇದನ್ನು ಹೇಗೆ ಹೇಳುವುದು? ದೆವ್ವ ಅಂದರೆ ಹೇಳಬಹುದು. ಬೇಟೆಗಾರರ ಎಷ್ಟೋ ದೆವ್ವದ ಕಥೆಗಳ ಒಳಗೆ ಇಂಥದ್ದು ಅಡಗಿದೆ ಅಂತ ನಾನು ನಂಬುತ್ತೇನೆ. ಅವರಿಗೆ ಜಾಸ್ತಿ ಹೆದರಿಕೆ ಇದ್ದದ್ದು ತಮ್ಮ ಬೆರಳಿನ ಮೇಲೆಯೇ.

ಈಗಿನ ಸಂಗತಿ ಹೇಳ್ತೀನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1991ರ ತಿದ್ದುಪಡಿ ಲೈಸೆನ್ಸ್ ಪಡೆದು ಬೇಟೆ ಆಡುವ ದಾರಿಯನ್ನೂ ಮುಚ್ಚಿತು. 2011ರಲ್ಲಿ ನಮ್ಮ ಭೀಮಗಡ ವನ್ಯಜೀವಿಧಾಮ ಆಯಿತು, ಸುಮಾರು 190 ಚದರ ಕಿಲೋಮೀಟರ್. ಆದರೂ ಹುಡುಗರು ರಾತ್ರಿ ಹೋಗುವುದು ನಿಂತಿಲ್ಲ. ತಲೆಗೆ ಹೆಡ್‌ಲ್ಯಾಂಪ್, ಬೈಕು, ನಾಡಬಂದೂಕು. ನಾಲ್ಕೈದು ಜನ ಗದ್ದಲ ಮಾಡಿಕೊಂಡು ಹೋಗುತ್ತಾರೆ. ಅಜ್ಜನಿಗಿದ್ದ ಆ ನಡುಕ ಇವರಲ್ಲಿ ಕಾಣುವುದಿಲ್ಲ. ಜೊತೆಗೆ ಬಂದವನನ್ನೇ ಹಂದಿ ಅಂದುಕೊಂಡು ಹೊಡೆದ ಸುದ್ದಿಯನ್ನು ಪೇಪರಿನಲ್ಲಿ ಓದಿದಾಗೆಲ್ಲ ನನಗೆ ಅಜ್ಜನ ಆ ಬೆರಳು ನೆನಪಾಗುತ್ತೆ. ಅಲ್ಲಿ ಯಾರೂ ಕೆಮ್ಮಿರಲಿಲ್ಲ.

ರೈತರ ಸಂಕಟ ನನಗೆ ಗೊತ್ತು. ಒಂದು ರಾತ್ರಿಯಲ್ಲಿ ಹಂದಿ ಹಿಂಡು ಅರ್ಧ ಗದ್ದೆ ಮಲಗಿಸಿಬಿಡುತ್ತೆ. ನಮ್ಮದೂ ಹೋಗಿದೆ. ಬೆಳೆ ಪರಿಹಾರಕ್ಕೆ ಅರ್ಜಿ ಕೊಟ್ಟು ಅಲೆದಿದ್ದೇವೆ, ಬಂದ ಹಣ ಬೀಜದ ಖರ್ಚಿಗೂ ಸಾಲಲಿಲ್ಲ. ಸಿಟ್ಟು ಬರುತ್ತೆ. ಆದರೆ ಸಿಡಿಮದ್ದು ಇಟ್ಟರೆ ನಮ್ಮ ಆಕಳೇ ಬಾಯಿ ಹಾಕುತ್ತೆ. ಬೇಲಿಗೆ ಕರೆಂಟ್ ಬಿಟ್ಟರೆ ಬೆಳಗಿನ ಜಾವ ನೀರು ಕಟ್ಟಲು ಬಂದವನೇ ಮುಟ್ಟುತ್ತಾನೆ. ಕತ್ತಲಲ್ಲಿ ಬಂದೂಕು ಹಿಡಿದರೆ ಏನಾಗುತ್ತೆ ಅಂತ ಈಗಷ್ಟೇ ಹೇಳಿದೆ. ನಾವೀಗ ಅಟ್ಟಣಿಗೆ ಮೇಲೆ ಕೂತು ಡಬ್ಬ ಬಡಿಯುತ್ತೇವೆ, ಪಾಳಿ ಹಾಕಿಕೊಂಡು. ನಿದ್ದೆ ಹಾಳಾಗುತ್ತೆ. ಹಂದಿ ಒಮ್ಮೊಮ್ಮೆ ಹೋಗುತ್ತೆ, ಒಮ್ಮೊಮ್ಮೆ ಇಲ್ಲ.

ಅಜ್ಜ ಆ ರಾತ್ರಿ ಆದಮೇಲೆ ಬಂದೂಕು ಹಿಡಿದು ಕೂತದ್ದು ಕಡಿಮೆ ಅಂತ ಅಜ್ಜಿ ಹೇಳುತ್ತಿದ್ದಳು. ದೆವ್ವಕ್ಕೆ ಹೆದರಿದ್ದಾರೆ ಅಂತ ಊರವರು ಆಡಿಕೊಂಡರಂತೆ. ಅವರು ಬೇಕಾದ್ದು ಅಂದುಕೊಳ್ಳಲಿ ಅಂತ ಸುಮ್ಮನಿದ್ದರು.

ನಿಮ್ಮ ಮನೆಯಲ್ಲೂ ಬೇಟೆ ಆಡಿದ ಹಿರಿಯರು ಇರಬಹುದು. ಖಾನಾಪುರ, ಲೋಂಡಾ, ಕಣಕುಂಬಿ, ಜಾಂಬೋಟಿ ಕಡೆಯವರಾದರೆ ಇದ್ದೇ ಇರುತ್ತಾರೆ. ಅವರ ದೆವ್ವದ ಕಥೆಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ನಡುವೆ ಬಾಯಿ ಹಾಕಬೇಡಿ, ನಗಬೇಡಿ. ಪೂರ್ತಿ ಹೇಳಿ ಮುಗಿಸಲಿ. ಆಮೇಲೆ ಅವರ ಹತ್ತಿರ ಕೂತು ಮೆಲ್ಲಗೆ ಒಂದೇ ಪ್ರಶ್ನೆ ಕೇಳಿ. ಬ್ಯಾಟರಿ ಬಿಟ್ಟಾಗ ಆ ದೆವ್ವದ ಕಣ್ಣು ಹೊಳೆದಿತ್ತಾ?