ಟ್ರ್ಯಾಕ್ಟರ್ ಇಲ್ಲದೆ ಐಸೋಬಸ್ ಕಲಿಯೋದು

ಟ್ರ್ಯಾಕ್ಟರ್ರೂ ಅದಕ್ಕೆ ಕಟ್ಟಿದ ಉಪಕರಣವೂ ಮಾತಾಡಿಕೊಳ್ಳೋ ಸಾಮಾನ್ಯ ಭಾಷೆ ಐಸೋಬಸ್. ಪರದೆ ಮೇಲೆ ಎರಡು ಕಿಟಕಿ ಇವೆ. ಎಡಗಡೆಯದು ಟ್ರ್ಯಾಕ್ಟರ್, ಬಲಗಡೆಯದು ಸ್ಪ್ರೇಯರ್. ನಡುವೆ ವೈರೂ ಇಲ್ಲ, ಇಸಿಯು ಅನ್ನೋ ನಿಯಂತ್ರಣ ಕಂಪ್ಯೂಟರೂ ಇಲ್ಲ. ಇರೋದು ಲಿನಕ್ಸ್ ಕರ್ನೆಲ್ಲಿನ ವಿಕ್ಯಾನ್, ಅಂದರೆ ಹುಸಿ ಕ್ಯಾನ್ ಬಸ್ (ಯಂತ್ರದೊಳಗಿನ ಕಂಪ್ಯೂಟರ್‌ಗಳು ಸಂದೇಶ ಹಂಚಿಕೊಳ್ಳೋ ತಂತಿ ಜಾಲವೇ ಕ್ಯಾನ್ ಬಸ್).

ತಯಾರಿ ಮೂರೇ ಸಾಲು, ಮೂರಕ್ಕೂ ಮುಂದೆ ಸುಡೋ. ಮಾಡ್‌ಪ್ರೋಬ್ ವಿಕ್ಯಾನ್. ಐಪಿ ಲಿಂಕ್ ಆ್ಯಡ್ ಡೆವ್ ವಿಕ್ಯಾನ್‌0 ಟೈಪ್ ವಿಕ್ಯಾನ್. ಐಪಿ ಲಿಂಕ್ ಸೆಟ್ ಅಪ್ ವಿಕ್ಯಾನ್‌0. ಮೊದಲ ಸಾಲಿಗೇ ಮಾಡ್ಯೂಲ್ ಸಿಗಲಿಲ್ಲ ಅಂದರೆ ನಿಮ್ಮ ಕರ್ನೆಲ್‌ನಲ್ಲಿ ಅದು ಇಲ್ಲ. ವರ್ಚುವಲ್ ಮಷೀನಿನಲ್ಲಿ ಪೂರ್ತಿ ಲಿನಕ್ಸ್ ಹಾಕಿಕೊಳ್ಳಿ. ಆಮೇಲೆ ಕ್ಯಾನ್-ಯುಟಿಲ್ಸ್ ಇನ್‌ಸ್ಟಾಲ್ ಮಾಡಿ, ಬಸ್ ಮೇಲಿನ ಸಂದೇಶ ತೋರಿಸೋ ಕ್ಯಾನ್‌ಡಂಪ್ ಓಡುತ್ತಿರಲಿ.

ಈಗ ಚಕ್ರದ ವೇಗ ಕಳಿಸೋಣ, ಪಿಜಿಎನ್ (ಸಂದೇಶದ ಬಗೆ ಹೇಳೋ ಸಂಖ್ಯೆ) 65096. ಐಡಿ 0ಸಿಎಫ್‌ಇ48ಎಫ್0; ಕೊನೆಯ ಎಫ್0 ಅಂದರೆ 240, ಟ್ರ್ಯಾಕ್ಟರ್ ಇಸಿಯು ವಿಳಾಸ. ಶುರುವಿನ ಸೊನ್ನೆ ಬಿಡಬೇಡಿ, ಎಂಟು ಅಂಕಿ ಇದ್ದರೇ ಸಂದೇಶ ಕಳಿಸೋ ಕ್ಯಾನ್‌ಸೆಂಡ್ ಅದನ್ನು 29 ಬಿಟ್ ಐಡಿ ಅಂತ ಒಪ್ಪೋದು. ಒಂದು ಎಣಿಕೆಗೆ ಸೆಕೆಂಡಿಗೆ 0.001 ಮೀಟರ್, ಹಾಗಾಗಿ 2 ಮೀಟರ್ ವೇಗಕ್ಕೆ 2000, ಹೆಕ್ಸ್‌ನಲ್ಲಿ 07ಡಿ0. ಕಳಿಸುವಾಗ ಕೆಳಗಿನ ಬೈಟ್ ಮೊದಲು: ಡಿ0, 07, ಮಿಕ್ಕ ಆರೂ ಎಫ್‌ಎಫ್. ತಿರುಗಾಮುರುಗಾ ಬರೆದರೆ ಸ್ಪ್ರೇಯರ್ ಕಣ್ಣಿಗೆ ಟ್ರ್ಯಾಕ್ಟರ್ ಗಂಟೆಗೆ ಸುಮಾರು 192 ಕಿಲೋಮೀಟರ್ ಓಡುತ್ತೆ. ಆ ಸಂಖ್ಯೆ ಮಾನ್ಯ ಮಿತಿಯೊಳಗೇ ಇರೋದರಿಂದ ಯಾವ ದೋಷವೂ ಕಾಣಿಸೋದಿಲ್ಲ.

ಹೆಚ್ಚು ಹೊತ್ತು ಕೊಡಬೇಕಾದ ಜಾಗ ಅಡ್ರೆಸ್ ಕ್ಲೇಮ್, ಅಂದರೆ ಬಸ್ ಮೇಲಿನ ಪ್ರತಿ ಸಾಧನ (ನೋಡ್) ತನಗೊಂದು ವಿಳಾಸ ಕೇಳಿಕೊಳ್ಳೋದು. ಎರಡು ನೋಡ್‌ಗಳಿಗೂ ಬೇಕಂತಲೇ 128 ಕೊಟ್ಟು ಜಗಳ ಹಚ್ಚಿ. ಯಾರ 64 ಬಿಟ್ ನೇಮ್ (ಸಾಧನದ ಗುರುತು ಸಂಖ್ಯೆ) ಚಿಕ್ಕದೋ ಅವರಿಗೆ ವಿಳಾಸ. ಸೋತವರು ಬೇರೆ ವಿಳಾಸ ಹುಡುಕಬೇಕು, ಇಲ್ಲವೇ 254ರಿಂದ ‘ಸಿಗಲಿಲ್ಲ’ ಅಂತ ಹೇಳಿ ಸುಮ್ಮನಾಗಬೇಕು. ಕ್ಯಾನ್‌ಡಂಪ್‌ನಲ್ಲಿ ನೇಮ್ ಹೋಲಿಸುವಾಗ ಬಲಗಡೆಯಿಂದ ಓದಿ, ಕೊನೆಯ ಬೈಟೇ ಎಲ್ಲಕ್ಕಿಂತ ದೊಡ್ಡದು. ವಿಳಾಸ ಬದಲಿಸಬಲ್ಲ ಕೃಷಿ ಉಪಕರಣದಲ್ಲಿ ಅದು ಸಾಮಾನ್ಯವಾಗಿ ಎ0, ಬದಲಿಸಲಾಗದ್ದರಲ್ಲಿ 20. ಹೋಗಲು ಬೇರೆ ದಾರಿ ಇಲ್ಲದವನೇ ಗೆಲ್ಲೋದು, ಜಾಣ ಲೆಕ್ಕಾಚಾರ.

ಮುಂದೆ ಪರದೆ. ಆ್ಯಗ್‌ಐಸೋಸ್ಟ್ಯಾಕ್ ಅನ್ನೋ ಮುಕ್ತ ಲೈಬ್ರರಿಯ ಮಾದರಿ ಪ್ರೋಗ್ರಾಂ ಒಂದು ಕಡೆ, ಆ್ಯಗ್‌ಐಸೋ ವರ್ಚುವಲ್ ಟರ್ಮಿನಲ್, ಅಂದರೆ ಟ್ರ್ಯಾಕ್ಟರ್ ಒಳಗಿನ ಪರದೆಯ ಪಾತ್ರ ಮಾಡೋ ಪ್ರೋಗ್ರಾಂ, ಇನ್ನೊಂದು ಕಡೆ. ಉಪಕರಣ ತನ್ನ ಚಿತ್ರ, ಬಟನ್‌ಗಳ ಆಬ್ಜೆಕ್ಟ್ ಪೂಲ್ ಕಳಿಸುತ್ತೆ; 1785 ಬೈಟ್ ದಾಟಿದರೆ ದೊಡ್ಡ ಸಂದೇಶವನ್ನು ತುಂಡು ಮಾಡಿ ಕಳಿಸೋ ಸಾದಾ ಟ್ರಾನ್ಸ್‌ಪೋರ್ಟ್ ಸಾಲದು, ವಿಸ್ತೃತ ಟ್ರಾನ್ಸ್‌ಪೋರ್ಟ್ ಬೇಕು. ಪೂಲ್ ಹತ್ತಿದ ಮೇಲೆ ಉಪಕರಣದ ಪ್ರೋಗ್ರಾಂ ಮೇಲೆ ಕಂಟ್ರೋಲ್-ಝಡ್ ಒತ್ತಿ, ಐದು ಸೆಕೆಂಡ್ ಬಿಡಿ. ಸೆಕೆಂಡಿಗೊಮ್ಮೆ ಬರಬೇಕಾದ ‘ಇದ್ದೀನಿ’ ಸಂದೇಶ ಮೂರು ಸೆಕೆಂಡ್ ಬರದಿದ್ದರೆ ಟರ್ಮಿನಲ್ ಆ ಪೂಲನ್ನು ಕಿತ್ತುಹಾಕುತ್ತೆ. ಎಫ್‌ಜಿ ಕೊಟ್ಟು ಎಬ್ಬಿಸಿ: ನಿಮ್ಮ ಕೋಡ್ ಪೂಲನ್ನು ಮತ್ತೆ ಕಳಿಸುತ್ತೋ, ಇಲ್ಲದ ಪುಟಕ್ಕೆ ಅಂಕಿ ಬರೆಯುತ್ತಾ ಕೂರುತ್ತೋ?

ವಿಕ್ಯಾನ್ ಮುಚ್ಚಿಡೋ ವಿಷಯವೂ ಇದೆ. ಅಲ್ಲಿ ಒಂಟಿ ನೋಡ್ ಕಳಿಸಿದರೂ ಸರಾಗ. ನಿಜ ಬಸ್‌ನಲ್ಲಿ ಎಸಿಕೆ (‘ಸಿಕ್ಕಿತು’ ಅನ್ನೋ ಒಪ್ಪಿಗೆ) ಕೊಡೋರಿಲ್ಲದಿದ್ದರೆ ಅದೇ ಫ್ರೇಮ್, ಅಂದರೆ ಸಂದೇಶದ ತುಣುಕು, ಮತ್ತೆ ಮತ್ತೆ ಹೋಗುತ್ತೆ. ಟರ್ಮಿನೇಷನ್ (ತಂತಿಯ ತುದಿಯ ರೆಸಿಸ್ಟರ್) ತಪ್ಪು, ಸಡಿಲ ಪಿನ್ ಇಲ್ಲಿ ಕಾಣೋದೇ ಇಲ್ಲ. ವೇಗದ ಮಿತಿಯೂ ಇಲ್ಲ: ಐಸೋಬಸ್‌ನ 250 ಕಿಲೋಬಿಟ್‌ನಲ್ಲಿ ತುಂಬಿದ ಫ್ರೇಮ್‌ಗಳು ಸೆಕೆಂಡಿಗೆ ಸುಮಾರು 1,600ರಿಂದ 1,900 ಅಷ್ಟೇ. ಹಾಗಾಗಿ ಪಕ್ಕದಲ್ಲಿ ಬಸ್ ಎಷ್ಟು ತುಂಬಿದೆ ಅಂತ ಹೇಳೋ ಕ್ಯಾನ್‌ಬಸ್‌ಲೋಡ್‌ಗೆ ವಿಕ್ಯಾನ್‌0, ಆ್ಯಟ್ ಚಿಹ್ನೆ, 250000 ಕೊಟ್ಟು ಓಡಿಸಿ. ಅದು ನೂರು ಪರ್ಸೆಂಟ್ ದಾಟಿದರೆ ಕೋಡ್ ಇಲ್ಲಿ ಓಡುತ್ತೆ, ಟ್ರ್ಯಾಕ್ಟರ್‌ನಲ್ಲಿ ಓಡಲ್ಲ.