ಚೆರ್ರಿ ತೋಟದಿಂದ ಬಂದ ಮುಖ್ಯಮಂತ್ರಿ

ವೇದಿಕೆಯ ಮೇಲೆ ಯಾರಾದರೂ ಹಸಿರು ಶಾಲು ಸರಿಪಡಿಸಿಕೊಂಡು ‘ನಾನು ರೈತನ ಮಗ’ ಎಂದರೆ, ಸ್ವಾಮಿ, ಕೊನೆಯ ಬಾರಿ ಗದ್ದೆಗೆ ಇಳಿದದ್ದು ಯಾವಾಗ ಎಂದು ಕೇಳಬೇಕೆನಿಸುತ್ತದೆ. ಈ ಪ್ರಶ್ನೆಗೆ ಅಂಜಬೇಕಿಲ್ಲದ ಒಬ್ಬರ ಕಥೆ ಹೇಳುತ್ತೇನೆ.

ಟಾಮ್ ಪ್ಲೇಫರ್ಡ್. ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ ಪ್ರೀಮಿಯರ್, ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ. 1938ರ ನವೆಂಬರ್‌ನಲ್ಲಿ ಕುರ್ಚಿಯಲ್ಲಿ ಕುಳಿತವರು ಎದ್ದದ್ದು 1965ರ ಮಾರ್ಚ್‌ನಲ್ಲಿ.

ರಾಜಧಾನಿ ಅಡಿಲೇಡ್ ಪಕ್ಕದ ಗುಡ್ಡಗಳಲ್ಲಿ ನಾರ್ಟನ್ ಸಮ್ಮಿಟ್ ಎಂಬ ಊರು. ತಂದೆ ಬಿದ್ದು ಪೆಟ್ಟು ಮಾಡಿಕೊಂಡಾಗ 13ರ ಹುಡುಗ ಶಾಲೆ ಬಿಟ್ಟು ತೋಟ ಹಿಡಿದ. ಬೆಳೆದದ್ದನ್ನು ಗಾಡಿಗೆ ಹೇರಿ, ಗುಡ್ಡವಿಳಿದು, ಈಸ್ಟ್ ಎಂಡ್ ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಿದ್ದೇ ಅವನ ಕಾಲೇಜು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ತೀವ್ರವಾಗಿ ಗಾಯಗೊಂಡು, 1919ರಲ್ಲಿ ಮತ್ತೆ ಅದೇ ಚೆರ್ರಿ ಮರಗಳ ಬುಡಕ್ಕೆ. ಹಾಗೆಂದು ಹಿನ್ನೆಲೆಯಿಲ್ಲದ ರೈತ ಎಂದುಕೊಳ್ಳಬೇಡಿ. ತಾತನೂ ಅದೇ ರಾಜ್ಯದ ಪ್ರೀಮಿಯರ್ ಆಗಿದ್ದವರು!

ನನಗೆ ಇಷ್ಟವಾಗುವುದು ಕರೆಂಟಿನ ಪ್ಲೇಫರ್ಡ್. ಅಡಿಲೇಡಿಗೆ ವಿದ್ಯುತ್ ಕೊಡುತ್ತಿದ್ದುದು ಖಾಸಗಿ ಕಂಪನಿ. ಅದಕ್ಕೆ ಕಲ್ಲಿದ್ದಲು ನೆರೆಯ ನ್ಯೂ ಸೌತ್ ವೇಲ್ಸ್ ರಾಜ್ಯದಿಂದ ಬರಬೇಕು. ಅಲ್ಲಿನ ಗಣಿಯಲ್ಲಿ ಮುಷ್ಕರವಾದರೆ ಇಲ್ಲಿ ಪರದಾಟ. ನಮ್ಮ ರಾಜ್ಯದ್ದೇ ಆದ ಲೀ ಕ್ರೀಕ್ ಗಣಿಯ ಕಲ್ಲಿದ್ದಲು ಬಳಸಿ ಎಂದು ಪ್ಲೇಫರ್ಡ್ ಹೇಳಿದರೆ ಕಂಪನಿ ಮೂಗು ಮುರಿಯಿತು. ಖಾಸಗಿ ಉದ್ಯಮದ ಪರವಾದ ಪಕ್ಷದ ಈ ನಾಯಕ ಕಂಪನಿಯನ್ನೇ ಸರ್ಕಾರದ ವಶಕ್ಕೆ ತೆಗೆದುಕೊಳ್ಳಲು ಹೊರಟರು. ಮೇಲ್ಮನೆಯಲ್ಲಿ ಸ್ವಪಕ್ಷದವರೇ ಅಡ್ಡಗಾಲು ಹಾಕಿದರು. ವಿರೋಧ ಪಕ್ಷವಾದ ಲೇಬರ್ ಕೈಹಿಡಿಯಿತು. 1946ರಲ್ಲಿ ಮಸೂದೆ ಪಾಸಾಯಿತು. ಮೈಸೂರು ಸರ್ಕಾರ 1902ರಲ್ಲೇ ಶಿವನಸಮುದ್ರದಲ್ಲಿ ತಾನೇ ವಿದ್ಯುತ್ ತಯಾರಿಸಿದ್ದನ್ನು ಬಲ್ಲ ನಮಗೆ ಇದರಲ್ಲೇನು ವಿಶೇಷ ಅನ್ನಿಸಬಹುದು. ಸ್ವಂತ ಪಕ್ಷವನ್ನು ಎದುರು ಹಾಕಿಕೊಂಡು ಮಾಡಿದ್ದು ವಿಶೇಷ.

ಗಂಟಲಲ್ಲಿ ಇಳಿಯದ ಭಾಗ ಬೇರೆಯಿದೆ. ವಿಧಾನಸಭೆಯ 39 ಸ್ಥಾನಗಳಲ್ಲಿ 26 ಹಳ್ಳಿಗಾಡಿಗೆ, ಅಡಿಲೇಡಿಗೆ ಬರೀ 13. ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಗರದಲ್ಲೇ ಇದ್ದರೂ ಇದೇ ಲೆಕ್ಕ. ಕ್ಷೇತ್ರಗಳ ಈ ಗೆರೆ ಎಳೆದದ್ದು 1936ರಲ್ಲಿ, ಪ್ಲೇಫರ್ಡ್ ಗದ್ದುಗೆ ಏರುವ ಮೊದಲು. ಉಂಡವರು ಮಾತ್ರ ಇವರು. ಲಾಭಕ್ಕೆ ತಕ್ಕಂತೆ ಕ್ಷೇತ್ರದ ಗೆರೆ ಎಳೆಯುವುದಕ್ಕೆ ಇಂಗ್ಲಿಷಿನಲ್ಲಿ ‘ಜೆರಿಮ್ಯಾಂಡರ್’ ಎನ್ನುತ್ತಾರೆ; ಈ ಏರ್ಪಾಡಿಗೆ ‘ಪ್ಲೇಮ್ಯಾಂಡರ್’ ಎಂದು ಅವರದೇ ಹೆಸರು ಅಂಟಿಕೊಂಡಿತು. 1962ರಲ್ಲಿ ಲೇಬರ್ ಪಕ್ಷಕ್ಕೆ ಅರ್ಧಕ್ಕಿಂತ ಹೆಚ್ಚು ಮತ, 19 ಸ್ಥಾನ. ಪ್ಲೇಫರ್ಡ್ ಪಕ್ಷಕ್ಕೆ 18. ಆದರೂ ಪಕ್ಷೇತರರ ಬೆಂಬಲದಿಂದ ಕುರ್ಚಿ ಉಳಿಯಿತು. ರಾಜ್ಯಕ್ಕೆ ಕಾರು ಕಾರ್ಖಾನೆಗಳನ್ನು ಕರೆತಂದವರು, ಎಲಿಜಬೆತ್ ಎಂಬ ಹೊಸ ಪಟ್ಟಣವನ್ನೇ ಕಟ್ಟಿಸಿದವರು ಇವರೇ. ಆ ಕಾರ್ಖಾನೆಯಲ್ಲಿ ಬೆವರು ಸುರಿಸಿದ ನಗರದ ಕಾರ್ಮಿಕನ ಮತಕ್ಕೆ ಮಾತ್ರ ಸವಕಲು ನಾಣ್ಯದ ಬೆಲೆ. ಹೊಲದವನ ಮತ ಹೆಚ್ಚು ತೂಗಬೇಕು ಎನ್ನುವವರು ಇಂದಿಗೂ ಇದ್ದಾರೆ. ಊರು ದೂರ, ಕಷ್ಟ ಹೆಚ್ಚು ಎನ್ನುತ್ತಾರೆ. ದೂರಕ್ಕೆ ರಸ್ತೆ ಮಾಡಿಸಿಕೊಡಿ, ಎರಡು ಮತ ಏಕೆ?

1965ರಲ್ಲಿ ಆ ನಕ್ಷೆಯೂ ಕಾಯಲಿಲ್ಲ. ಸೋತರು. ಅವರ ನಂತರ ಪಕ್ಷದ ಚುಕ್ಕಾಣಿ ಹಿಡಿದ ಸ್ಟೀಲ್ ಹಾಲ್ ಕೂಡ ರೈತರೇ. 1968ರಲ್ಲಿ ಹಳೆಯ ಗೆರೆಗಳ ಕೃಪೆಯಿಂದಲೇ, ಕಡಿಮೆ ಮತ ಪಡೆದೂ ಪ್ರೀಮಿಯರ್ ಆದರು. ಆ ಗೆರೆಗಳನ್ನು ತಾವೇ ಅಳಿಸಿ ನಗರಕ್ಕೆ ಹೆಚ್ಚು ಸ್ಥಾನ ಕೊಟ್ಟರು. 1970ರ ಚುನಾವಣೆಯಲ್ಲಿ ಅಧಿಕಾರ ಕಳೆದುಕೊಂಡರು.