ಹಸಿರು ಟಿಕ್ ಬಂತು, ಟೆಸ್ಟ್ ಪಾಸಾಯ್ತಾ?

ಈ ಸ್ಕ್ರೀನ್ ಸ್ವಲ್ಪ ನೋಡಿ. ಕೆಳಗೆ ಲಾಗ್‌ನಲ್ಲಿ ಮೂರು ಟೆಸ್ಟ್ ಫೇಲ್ ಅಂತ ಕೆಂಪಕ್ಷರದಲ್ಲಿ ಇದೆ, ಮೇಲೆ ನೋಡಿದರೆ ಹಸಿರು ಟಿಕ್! ಸಾಗರದ ಗೆಳೆಯನೊಬ್ಬನ ಪ್ರಾಜೆಕ್ಟ್ ಇದು, ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಓಡುತ್ತದೆ. ಅವನನ್ನು ಕೇಳಿಯೇ ತೋರಿಸುತ್ತಿದ್ದೇನೆ.

ಹೀಗೆ ಟೆಸ್ಟನ್ನು ತಾನೇ ಓಡಿಸುವ ವ್ಯವಸ್ಥೆಗೆ ಸಿಐ ಅಂತಾರೆ. ಅದು ನಮ್ಮ ಲಾಗ್ ಓದಿ ಪಾಸು-ಫೇಲು ಹೇಳಲ್ಲ. ಕಮಾಂಡ್ ಮುಗಿಯುವಾಗ ಕೊಡುವ ಎಕ್ಸಿಟ್ ಕೋಡ್ ಇದೆಯಲ್ಲ, ಆ ಒಂದು ನಂಬರ್ ಅಷ್ಟೇ ಅದಕ್ಕೆ ಬೇಕು. 0 ಬಂದರೆ ಪಾಸ್, ಇನ್ನೇನೇ ಬಂದರೂ ಫೇಲ್. ಹಾಗಾದರೆ ಇಲ್ಲಿ 0 ಬಂದಿದ್ದು ಎಲ್ಲಿಂದ?

ಈ ಸಾಲಿನಿಂದ. ಟೆಸ್ಟ್ ಓಡಿಸುವ ಪೈಟೆಸ್ಟ್, ಆಮೇಲೆ ಅದರ ಔಟ್‌ಪುಟ್ಟನ್ನು ಮುಂದಿನ ಕಮಾಂಡಿಗೆ ದಾಟಿಸುವ ಒಂದು ಪೈಪ್, ಆಮೇಲೆ ಬಂದದ್ದನ್ನು ಸ್ಕ್ರೀನಿಗೂ ಫೈಲಿಗೂ ಹಾಕುವ ಟೀ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಯ್ತು ಅಂದರೆ ಹಿಂದೆಯೇ ನೆಟ್ಟೂ ಹೋಗುತ್ತದೆ, ಅದಕ್ಕೇ ಲಾಗನ್ನು ಫೈಲಿಗೆ ಹಾಕಿ ಮೊದಲೇ ಇಳಿಸಿಕೊಂಡರೆ ಆರಾಮಾಗಿ ಓದಬಹುದು ಅಂತ ಅವನು ಟೀ ಸೇರಿಸಿದ್ದ. ಯೋಚನೆ ಸರಿಯೇ. ಆದರೆ ಬ್ಯಾಷ್‌ನಲ್ಲಿ, ಅಂದರೆ ನಮ್ಮ ಕಮಾಂಡ್ ಓಡಿಸುವ ಶೆಲ್‌ನಲ್ಲಿ, ಪೈಪ್ ಹಾಕಿ ಬೇರೇನೂ ಹೇಳದಿದ್ದರೆ ಕೊನೆಯ ಕಮಾಂಡಿನ ಕೋಡೇ ಲೆಕ್ಕಕ್ಕೆ. ಪೈಟೆಸ್ಟ್ 1 ಕೊಟ್ಟಿತ್ತು, ಟೀ ಫೈಲ್ ಬರೆದು 0 ಕೊಟ್ಟಿತು, 1 ಅಲ್ಲೇ ಮಾಯ.

ಪೈಪಿನಲ್ಲಿ ಯಾವ ಕಮಾಂಡ್ ಫೇಲಾದರೂ ಇಡೀ ಸಾಲನ್ನೇ ಫೇಲ್ ಅನ್ನುವ ಪೈಪ್‌ಫೇಲ್ ಆನ್ ಮಾಡಿದರೆ ಇದು ಸರಿಹೋಗುತ್ತದೆ. ಸ್ಕ್ರಿಪ್ಟಿನ ಮೇಲೆ 'ಸೆಟ್ ಮೈನಸ್ ಓ ಪೈಪ್‌ಫೇಲ್' ಅಂತ ಒಂದು ಸಾಲು. ಗಿಟ್‌ಹಬ್‌ನಲ್ಲಿ ಇನ್ನೊಂದು ತಮಾಷೆ ಇದೆ: ಲಿನಕ್ಸ್ ರನ್ನರ್‌ನಲ್ಲಿ, ಅಂದರೆ ಟೆಸ್ಟ್ ಓಡುವ ಮಷಿನ್‌ನಲ್ಲಿ, ಶೆಲ್ ಯಾವುದು ಅಂತ ಬರೆಯದೇ ಬಿಟ್ಟರೂ ಬ್ಯಾಷೇ ಓಡುತ್ತದೆ, ಆದರೆ ಪೈಪ್‌ಫೇಲ್ ಇರಲ್ಲ; 'ಶೆಲ್: ಬ್ಯಾಷ್' ಅಂತ ನೀವೇ ಬರೆದರೆ ಮಾತ್ರ ಅದೂ ಜೊತೆಗೆ ಬರುತ್ತದೆ. ಇದನ್ನು ಯಾರು ಊಹಿಸುತ್ತಾರೆ, ಅಲ್ವಾ?

ಇನ್ನು 'ಆರ್ ಟ್ರೂ', ಅಂದರೆ ಕಮಾಂಡ್ ಫೇಲಾದರೂ ಸಾಲಿಗೆ 0 ಕೊಡಿಸುವ ತುಣುಕು. ಒಂದೂ ಟೆಸ್ಟ್ ಸಿಗದಿದ್ದರೆ ಪೈಟೆಸ್ಟ್ 5 ಕೊಡುತ್ತದೆ. ಆ ಕಿರಿಕಿರಿ ತಪ್ಪಿಸಲು ಜನ ಸಾಲಿನ ಕೊನೆಗೆ ಆರ್ ಟ್ರೂ ಅಂಟಿಸುತ್ತಾರೆ, ಆಮೇಲೆ ನಿಜವಾದ ಫೇಲೂ ಅದರಲ್ಲೇ ಮುಚ್ಚಿಹೋಗುತ್ತದೆ. ನನಗಂತೂ ಇದು ಕಂಡರೆ ಆಗಲ್ಲ. ಮೊದಲು ಕೋಡ್ ಅನ್ನೋ ವೇರಿಯೇಬಲ್‌ಗೆ 0 ಇಡಿ. ಟ್ರೂ ಇದ್ದ ಜಾಗದಲ್ಲಿ 'ಕೋಡ್ ಈಕ್ವಲ್ ಡಾಲರ್ ಪ್ರಶ್ನೆ ಚಿಹ್ನೆ' ಬರೆಯಿರಿ, ಈಗಷ್ಟೇ ಮುಗಿದ ಕಮಾಂಡಿನ ಎಕ್ಸಿಟ್ ಕೋಡ್ ಅದರಲ್ಲಿ ಕೂರುತ್ತದೆ. ಆಮೇಲೆ 5 ಇದ್ದರೆ ಮಾತ್ರ ಬಿಟ್ಟು, ಉಳಿದದ್ದನ್ನು ಹಾಗೇ ಎಕ್ಸಿಟ್‌ಗೆ ಕೊಡಿ. ಮುಂದಿನ ಸಾಲಲ್ಲಿ ಹಿಡಿಯೋಣ ಅಂತ ಹೋಗಬೇಡಿ, ಕಮಾಂಡ್ ಫೇಲಾದ ತಕ್ಷಣ ಸ್ಕ್ರಿಪ್ಟ್ ನಿಲ್ಲಿಸುವ ಮೈನಸ್ ಇ ಅನ್ನು ಗಿಟ್‌ಹಬ್ ತಾನೇ ಹಾಕಿರುವುದರಿಂದ ಸ್ಕ್ರಿಪ್ಟ್ ಅಲ್ಲಿಯವರೆಗೆ ಬರುವುದೇ ಇಲ್ಲ.

137 ಬಂದರೆ ಅದು ಟೆಸ್ಟ್ ಫೇಲ್ ಅಲ್ಲ. 128ಕ್ಕೆ ಕಿಲ್ ಸಿಗ್ನಲ್‌ನ ನಂಬರ್ 9 ಸೇರಿಸಿದ್ದು, ಅಂದರೆ ಪ್ರೊಸೆಸ್ಸನ್ನು ಯಾರೋ ಕಿಲ್ ಮಾಡಿದ್ದಾರೆ. ಜಾಸ್ತಿ ಸಲ ಮೆಮೊರಿ ಸಾಲದೆ ಆಗುವುದು. ಟೆಸ್ಟ್ ಕೆದಕುವ ಮೊದಲು ಒಟ್ಟೊಟ್ಟಿಗೆ ಟೆಸ್ಟ್ ಓಡಿಸುವ ಪ್ಯಾರಲಲ್ ವರ್ಕರ್ ಕಡಿಮೆ ಮಾಡಿ ಒಂದ್ಸಲ ಓಡಿಸಿ ನೋಡಿ.